‘ಟ್ರ್ಯಾಕ್ಷನ್’ಗೆ ಕನ್ನಡದಲ್ಲಿ ಏನೆನ್ನಬೇಕು: ಘರ್ಷಣೆಯೋ, ಕರ್ಷಣವೋ, ನೆಲಹಿಡಿತವೋ?

ಪದಚರ್ಚೆಯ ಬಳಗಕ್ಕೆ ನಮಸ್ಕಾರಗಳು.

ಶಿರಸಿಯ ಹತ್ತಿರದ ನಮ್ಮ ಮನೆಯಲ್ಲಿ ನೆಲ ಗುಡಿಸುವ ಪುಟ್ಟ ರೋಬೋಟ್ ಒಂದಿದೆ. ಅದರ ಗಾಲಿಗಳ ರಬ್ಬರು ಸವೆದು ಸೀಳಿಹೋದ ಮೇಲೆ ಬದಲಿ ಗಾಲಿಗಳು ಎಲ್ಲಿಯೂ ಸಿಗದೆ, ಕೊನೆಗೆ ನನ್ನ ತಂಗಿಯ ಮಗ ತ್ರೀಡಿ ಪ್ರಿಂಟರಿನಲ್ಲಿ ಎರಡು ಹೊಸ ಗಾಲಿಗಳನ್ನು ಮಾಡಿಕೊಟ್ಟ. ಅವು ಜಾರದಂತೆ ಮಾಡಲು ಈ ಮಳೆಗಾಲವಿಡೀ ನಾವು ಮಾಡಿ ನೋಡಿದ್ದನ್ನೆಲ್ಲ, ಇದೇ ತೊಂದರೆಯಲ್ಲಿರುವ ಇತರರಿಗೆ ಉಪಯೋಗವಾಗಲೆಂದು, ಕನ್ನಡದಲ್ಲಿ ಚಿಕ್ಕ ಕೈಪಿಡಿಯಾಗಿ ಬರೆಯುತ್ತಿದ್ದೇನೆ. ಗಾಲಿ ಜಾರದೆ ನೆಲವನ್ನು ಹಿಡಿದುಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಟ್ರ್ಯಾಕ್ಷನ್’ ಎಂಬ ಪದಕ್ಕೆ ಏನು ಬರೆಯಬೇಕೆಂಬುದು ಮೊದಲ ಪುಟದಲ್ಲೇ ತೊಡಕಾಯಿತು. ಆ ಕುರಿತು ನಿಮ್ಮ ಅಭಿಪ್ರಾಯ ಕೇಳಲು ಈ ಪತ್ರ.

ವಸ್ತು ಏನೆಂದು ತಿಳಿಯದೆ ಪದವನ್ನು ತೂಗುವುದು ಕಷ್ಟವಾದ್ದರಿಂದ ಅದನ್ನು ಮೊದಲು ವಿವರಿಸುತ್ತೇನೆ. ನಮ್ಮ ಜಗಲಿಯದು ರೆಡ್ ಆಕ್ಸೈಡ್ ಹಾಕಿ ತಿಕ್ಕಿ ಹೊಳಪು ಬರಿಸಿದ ಹಳೆಯ ನೆಲ. ಆಷಾಢದಲ್ಲಿ ಅದು ಬೆವರುತ್ತದೆ. ಪ್ರಿಂಟರಿನ ಪಿಎಲ್‌ಎ ಪ್ಲಾಸ್ಟಿಕ್ ಗಟ್ಟಿಯಾದದ್ದು, ನುಣುಪಾದದ್ದು; ಅದರ ಗಾಲಿ ಇಂಥ ನೆಲದ ಮೇಲೆ ಇದ್ದಲ್ಲಿಯೇ ಗಿರ್ರನೆ ತಿರುಗುತ್ತದೆ, ಯಂತ್ರ ಮುಂದೆ ಸರಿಯುವುದಿಲ್ಲ. ಹೊಸ್ತಿಲಿನ ಬುಡದಲ್ಲಿ ಯಂತ್ರ ಹೀಗೆ ಒದ್ದಾಡುತ್ತಿದ್ದುದನ್ನು ನೋಡಿ ನಮ್ಮ ಆಯಿ, “ಗಾಲಿ ತಿರಗ್ತು, ನೆಲ ಹಿಡಿತಿಲ್ಲೆ” ಎಂದರು. ತೊಂದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಇಂಥ ಹಲವು ಯಂತ್ರಗಳು ಗಾಲಿ ಎಷ್ಟು ಸುತ್ತು ತಿರುಗಿತೆಂದು ಎಣಿಸಿ ತಾವು ಎಷ್ಟು ದೂರ ಬಂದೆವೆಂಬುದನ್ನು ಲೆಕ್ಕ ಹಾಕುತ್ತವೆ. ಗಾಲಿ ಜಾರಿದರೆ ಆ ಲೆಕ್ಕವೇ ತಪ್ಪಿ, ಯಂತ್ರ ತನ್ನೊಳಗೆ ಬರೆದುಕೊಂಡ ಮನೆಯ ನಕ್ಷೆ ಸೊಟ್ಟಗಾಗುತ್ತದೆ.

ಮೊದಲ ಕರಡಿನಲ್ಲಿ ನಾನು ‘ಘರ್ಷಣೆ’ ಎಂದು ಬರೆದಿದ್ದೆ. ಶಾಲೆಯ ವಿಜ್ಞಾನ ಪುಸ್ತಕಗಳಲ್ಲಿ ನೆಲೆಯಾದ ಪದ ಅದು. ಭೌತಶಾಸ್ತ್ರದ ಪ್ರಕಾರ ತಪ್ಪೂ ಅಲ್ಲ, ಏಕೆಂದರೆ ಗಾಲಿಯನ್ನು ಜಾರದಂತೆ ತಡೆಯುವ ಬಲ ಘರ್ಷಣೆಯೇ. ಆದರೆ ಆ ಕರಡನ್ನು ಓದಿ ತಮ್ಮ ಮನೆಯ ಯಂತ್ರವನ್ನು ಬಿಚ್ಚಿದ ಯಲ್ಲಾಪುರದ ನಮ್ಮ ಅಪ್ಪಚ್ಚಿ ಮರುದಿನವೇ ಫೋನ್ ಮಾಡಿದರು: “ತಮಾ, ಗಾಲಿ ಘರ್ಷಣೆ ಹೆಚ್ಚು ಮಾಡವು ಹೇಳಿ ಬರದ್ದೆ, ಗ್ರೀಸ್ ಎಲ್ಲ ಒರಸಿ ತೆಗದಿ, ಈಗ ಗಾಲಿ ತಿರಗ್ತೇ ಇಲ್ಲೆ.” ಅವರು ಓದಿದ್ದು ಸರಿಯಾಗಿಯೇ ಇತ್ತು. ಗಾಲಿಯ ನಡುವೆ, ಅಚ್ಚು ಮತ್ತು ಗಿಯರುಗಳಲ್ಲಿ ಇರುವುದೂ ಘರ್ಷಣೆಯೇ; ಅಲ್ಲಿ ಅದು ಕಡಿಮೆಯಾಗಬೇಕು, ಅಂಚಿನಲ್ಲಿ ಹೆಚ್ಚಾಗಬೇಕು. ಒಂದೇ ಗಾಲಿಯ ಎರಡು ಜಾಗಗಳಲ್ಲಿ ಒಂದಕ್ಕೊಂದು ವಿರುದ್ಧವಾದ ಎರಡು ಕೆಲಸಗಳನ್ನು ಹೇಳಬೇಕಾದಾಗ ಎರಡಕ್ಕೂ ಒಂದೇ ಪದವನ್ನು ಇಟ್ಟದ್ದು ನನ್ನ ತಪ್ಪು. ಅದೂ ಅಲ್ಲದೆ, ದಿನಪತ್ರಿಕೆ ಓದುವ ಕನ್ನಡಿಗರಿಗೆ ‘ಘರ್ಷಣೆ’ ಎಂದೊಡನೆ ನೆನಪಾಗುವುದು ಎರಡು ಗುಂಪುಗಳ ಜಗಳ.

ಆಮೇಲೆ ‘ಕರ್ಷಣ’ವನ್ನು ಪರಿಶೀಲಿಸಿದೆ. ಸಂಸ್ಕೃತದ ‘ಕೃಷ್’ ಧಾತುವಿಗೆ ಎಳೆ, ಉಳು ಎಂಬ ಅರ್ಥಗಳಿದ್ದು, ‘ಕೃಷಿ’, ‘ಆಕರ್ಷಣೆ’ ಎರಡೂ ಅದರಿಂದಲೇ ಬಂದಿವೆ. ಇಂಗ್ಲಿಷಿನ ಪದ ಲ್ಯಾಟಿನ್ನಿನ ‘ಎಳೆ’ ಎಂಬ ಅರ್ಥದ ಕ್ರಿಯಾಪದದಿಂದ ಬಂದದ್ದು, ‘ಟ್ರ್ಯಾಕ್ಟರ್’ ಕೂಡ ಅದೇ ಬುಡದ್ದು. ಎಳೆಯುವ ಧಾತುವಿನಿಂದ ಅಲ್ಲಿ ಟ್ರ್ಯಾಕ್ಟರ್, ಇಲ್ಲಿ ಕೃಷಿ ಹುಟ್ಟಿದ ಈ ಹೊಂದಿಕೆ ನನಗೆ ಬಹಳ ಹಿಡಿಸಿತು. ಆದರೂ ಕೈಪಿಡಿಗೆ ‘ಕರ್ಷಣ’ ಹೊಂದುವುದಿಲ್ಲವೆಂದೇ ನನ್ನ ಅನಿಸಿಕೆ, ಏಕೆಂದರೆ ಇಂಗ್ಲಿಷಿನ ಆ ಒಂದು ಪದ ಎರಡು ಅರ್ಥಗಳನ್ನು ಹೊತ್ತಿದೆ: ಒಂದು ಎಳೆಯುವುದು, ಇನ್ನೊಂದು ಎಳೆಯುವಾಗ ಜಾರದಂತೆ ನೆಲವನ್ನು ಹಿಡಿದುಕೊಳ್ಳುವುದು. ಕಾರವಾರದ ಮೇಲೆ ಹಾಯುವ ಕೊಂಕಣ ರೈಲನ್ನೇ ನೋಡಿ. ಅದರ 741 ಕಿಲೋಮೀಟರ್ ಉದ್ದದ ಹಳಿಗೂ ವಿದ್ಯುತ್ ತಂತಿ ಹಾಕುವ ಕೆಲಸ 2022ರಲ್ಲಿ ಮುಗಿಯಿತು. ಅಲ್ಲಿ ‘ಎಲೆಕ್ಟ್ರಿಕ್ ಟ್ರ್ಯಾಕ್ಷನ್’ ಎಂದರೆ ವಿದ್ಯುತ್ತಿನಿಂದ ಗಾಡಿ ಎಳೆಯುವುದು, ಅದಕ್ಕೆ ‘ವಿದ್ಯುತ್ ಎಳೆತ’ ಎಂದರೆ ಸಾಕು. ಆದರೆ ಮಳೆಯಲ್ಲಿ ನೆನೆದ ಹಳಿಯ ಮೇಲೆ ಗಾಲಿ ಜಾರತೊಡಗಿದಾಗ ಎಂಜಿನ್ ಚಾಲಕರು ಗಾಲಿಯ ಮುಂದೆ ಮರಳು ಉದುರಿಸುತ್ತಾರಲ್ಲ, ಅದು ಎಳೆಯುವ ಶಕ್ತಿಯನ್ನು ಹೆಚ್ಚಿಸುವುದಕ್ಕಲ್ಲ, ಗಾಲಿ ಹಳಿಯನ್ನು ಹಿಡಿಯಲೆಂದು. ನಮ್ಮ ರೋಬೋಟಿಗೆ ಬೇಕಾದದ್ದು ಈ ಎರಡನೆಯದು. ಅದರ ಮೋಟಾರಿಗೆ ಶಕ್ತಿಯ ಕೊರತೆಯಿಲ್ಲ. ಇಂಗ್ಲಿಷಿನಲ್ಲಿ ಒಂದಾಗಿರುವುದನ್ನು ಕನ್ನಡದಲ್ಲಿಯೂ ಒಂದಾಗಿಯೇ ಇಡಬೇಕೆಂಬ ನಿಯಮವಿಲ್ಲ. ಇಲ್ಲಿ ಎರಡು ಪದಗಳಿದ್ದರೆ ಓದುಗರಿಗೆ ಹೆಚ್ಚು ಸ್ಪಷ್ಟ.

ನಮ್ಮ ಜಿಲ್ಲೆಯ ಆಡುಮಾತಿನಲ್ಲಿ ಹುಡುಕಿದಾಗ ಸಿಕ್ಕ ಪದಗಳಲ್ಲಿ ‘ಕಚ್ಚು’ ಅತ್ಯಂತ ಚುರುಕಾದದ್ದು. ಗಾಲಿ ನೆಲವನ್ನು ಕಚ್ಚಿ ಹಿಡಿಯಬೇಕು ಎಂದರೆ ಯಾರಿಗೂ ವಿವರಣೆ ಬೇಡ. ಆದರೆ ಅದನ್ನು ಸಮಾಸ ಮಾಡಿದ ಕೂಡಲೇ ‘ನೆಲಕಚ್ಚು’ ಆಗಿಬಿಡುತ್ತದೆ, ಅಡಿಕೆಯ ದರ ನೆಲಕಚ್ಚಿದಾಗ ಆಡುವ ಮಾತು ಅದು. ಗಾಲಿ ನೆಲಕಚ್ಚಿತು ಎಂದು ಬರೆದರೆ ಕೆಟ್ಟುಹೋಯಿತೆಂದೇ ಓದುತ್ತಾರೆ. ‘ಅಂಟು’ ಎಂದರೆ ಗೋಂದಿನ ನೆನಪಾಗುತ್ತದೆ. ಸಿಲಿಕೋನ್ ಸೀಲಂಟನ್ನು ಗಾಲಿಗೆ ಸವರಿ ಒಣಗಿಸುವ ವಿಧಾನವೂ ಕೈಪಿಡಿಯಲ್ಲಿರುವುದರಿಂದ ಅಲ್ಲಿ ಗೊಂದಲ ಖಂಡಿತ. ‘ಸೆಳೆತ’ವನ್ನು ಕರಾವಳಿಯ ಓದುಗರು ಕಡಲಿನ ಸೆಳೆತಕ್ಕೆ ಮೀಸಲಾಗಿಟ್ಟಿದ್ದಾರೆ. ‘ಪಟ್ಟು’ ಕುಸ್ತಿಯ ಅಖಾಡದ್ದು. ‘ಗ್ರಿಪ್ಪು’ ಎಲ್ಲರ ಬಾಯಲ್ಲಿದೆ, ಅದನ್ನು ನಾನು ದೂರುವುದಿಲ್ಲ. ಆದರೆ ಹ್ಯಾಂಡಲಿನ ಗ್ರಿಪ್ಪು, ಸ್ಕ್ರೂ ಡ್ರೈವರಿನ ಗ್ರಿಪ್ಪು ಎಲ್ಲವೂ ಅದೇ ಆದ್ದರಿಂದ, ಗಾಲಿ ಬಿಚ್ಚುವ ಪುಟದಲ್ಲಿ ಅದು ಮತ್ತೆ ತೊಡಕು ಮಾಡುತ್ತದೆ.

ಹೀಗಾಗಿ ಆಯಿಯ ಮಾತಿಗೇ ಮರಳಿ, ‘ನೆಲಹಿಡಿತ’ ಎಂಬ ಪದವನ್ನು ಸೂಚಿಸುತ್ತಿದ್ದೇನೆ. ‘ಹಿಡಿತ’ ಎಂದಷ್ಟೇ ಬರೆದರೆ ಹತೋಟಿ ಎಂಬ ಅರ್ಥವೂ ಬರುತ್ತದೆ, ಖರ್ಚಿನಲ್ಲಿ ಕೈ ಹಿಡಿತ ಎಂಬ ಅರ್ಥವೂ ಬರುತ್ತದೆ. ಮುಂದೆ ‘ನೆಲ’ ಇದ್ದರೆ ಎರಡೂ ತಪ್ಪುತ್ತವೆ. ಎರಡೂ ಅಚ್ಚಗನ್ನಡದ ಪದಗಳಾದ್ದರಿಂದ ಸಂಸ್ಕೃತ ಪದಕ್ಕೆ ಕನ್ನಡ ಪದ ಬೆರೆಸುವ ಅರಿಸಮಾಸದ ದೋಷವಿಲ್ಲ. ಹಳಗನ್ನಡದ ‘ಪಿಡಿ’ ಹೊಸಗನ್ನಡದಲ್ಲಿ ‘ಹಿಡಿ’ಯಾಯಿತು, ‘ಕೈಪಿಡಿ’ಯಲ್ಲಿ ಮಾತ್ರ ಹಳೆಯ ರೂಪ ಹಾಗೆಯೇ ಉಳಿದಿದೆ, ‘ಕೈವಿಡಿ’ಯಲ್ಲಿ ಪಕಾರ ವಕಾರವಾಗಿದೆ. ಆ ದಾರಿಯಲ್ಲಿ ಹೋದರೆ ‘ನೆಲವಿಡಿ’ ಎಂಬ ರೂಪವೂ ಸಾಧ್ಯ. ಕಿವಿಗೆ ಅದು ಇನ್ನೂ ಇಂಪಾಗಿದೆ, ಆದರೆ ಮೊದಲ ಓದಿಗೆ ತಿಳಿಯುವುದು ‘ನೆಲಹಿಡಿತ’ವೇ.

ಪದ ವಾಕ್ಯದಲ್ಲಿ ಹೇಗೆ ಕೂರುತ್ತದೆಂದು ನೋಡಲು ಕೈಪಿಡಿಯ ಒಂದು ಭಾಗವನ್ನು ಇಲ್ಲಿ ಕೊಡುತ್ತೇನೆ:

“ಸ್ಕೂಟರಿನ ಹಳೆಯ ಟ್ಯೂಬನ್ನು ಅಡ್ಡಲಾಗಿ ಕತ್ತರಿಸಿ ಗಾಲಿಯಷ್ಟೇ ಅಗಲದ ಉಂಗುರಗಳನ್ನು ತೆಗೆಯಿರಿ. ಟ್ಯೂಬಿನ ಒಳಮೈಯಲ್ಲಿ ಬಿಳಿ ಪುಡಿ ಇರುತ್ತದೆ. ಸೋಪಿನ ನೀರಿನಲ್ಲಿ ತೊಳೆಯದಿದ್ದರೆ ನೆಲಹಿಡಿತ ಸಿಗುವುದಿಲ್ಲ. ಎರಡೂ ಗಾಲಿಗಳಿಗೆ ಒಂದೇ ಟ್ಯೂಬಿನ ಉಂಗುರಗಳನ್ನು ಹಾಕಿರಿ. 70 ಮಿಲಿಮೀಟರ್ ಅಡ್ಡಳತೆಯ ಗಾಲಿಗೆ ಒಂದೂವರೆ ಮಿಲಿಮೀಟರ್ ದಪ್ಪದ ರಬ್ಬರು ಸೇರಿದರೆ ಸುತ್ತಳತೆ ಸುಮಾರು 9 ಮಿಲಿಮೀಟರ್ ಹೆಚ್ಚುತ್ತದೆ, ಅಂದರೆ ಯಂತ್ರದ ದೂರದ ಲೆಕ್ಕ ನೂರಕ್ಕೆ ನಾಲ್ಕರಷ್ಟು ತಪ್ಪುತ್ತದೆ. ಆದ್ದರಿಂದ ಗಾಲಿಯನ್ನು ಪ್ರಿಂಟ್ ಮಾಡುವಾಗಲೇ ಅಷ್ಟು ಚಿಕ್ಕದಾಗಿ ಮಾಡಿಕೊಳ್ಳಿರಿ. ಟಿಪಿಯು ಎಂಬ ಬಾಗುವ ಪ್ಲಾಸ್ಟಿಕ್ಕಿನ ತಂತಿಯನ್ನು ಪ್ರಿಂಟರಿಗೆ ಹಾಕಿ ಇಡೀ ಗಾಲಿಯನ್ನು ಮಾಡಬಹುದಾದರೂ, ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವ ಟಿಪಿಯು ಶೋರ್ ಮಾಪನದಲ್ಲಿ 95ಎ ಗಡಸಿನದು, ರಬ್ಬರಿನಷ್ಟು ಮೆತ್ತಗಿಲ್ಲ. ನುಣುಪಾದ ಒಣ ನೆಲದಲ್ಲಿ ಮೆತ್ತನೆಯ ಸಪಾಟು ಮೈಗೇ ನೆಲಹಿಡಿತ ಹೆಚ್ಚು. ಬಟನ್ ಇರುವ ಮೈ ಬೇಕಾಗುವುದು ನೀರು, ಮಣ್ಣು ಮತ್ತು ಹೊಸ್ತಿಲಿನ ಅಂಚು ಇರುವಲ್ಲಿ.”

ಇಲ್ಲಿ ‘ಬಟನ್’ ಎಂದಿರುವುದು ಟೈರಿನ ಮೈಮೇಲಿನ ಉಬ್ಬುಗಳಿಗೆ. ಟೈರಿನ ಅಂಗಡಿಗಳಲ್ಲಿ, ಲಾರಿ ಚಾಲಕರಲ್ಲಿ “ಬಟನ್ ಸವೆದಿದೆ” ಎಂಬ ಮಾತು ಚೆನ್ನಾಗಿ ರೂಢಿಯಾಗಿರುವುದರಿಂದ ಅದನ್ನು ಬದಲಿಸುವ ಯೋಚನೆ ನನಗಿಲ್ಲ.

ಬಳಗದಲ್ಲಿ ಕೇಳಬೇಕಾದದ್ದು ಮುಖ್ಯವಾಗಿ ಎರಡು. ‘ನೆಲಹಿಡಿತ’ ಅಥವಾ ಅದಕ್ಕೆ ಹತ್ತಿರದ ಪದವನ್ನು ಎತ್ತಿನ ಗಾಡಿ ಹೊಡೆದವರು, ಮಳೆಗಾಲದಲ್ಲಿ ಜೀಪಿನ ಟೈರಿಗೆ ಸರಪಳಿ ಕಟ್ಟಿ ಘಟ್ಟದ ಮಣ್ಣುರಸ್ತೆ ಹತ್ತಿಸಿದವರು, ಕಾಲಿಗೆ ಹಗ್ಗದ ತಳೆ ಹಾಕಿ ಹಾವಸೆ ಕಟ್ಟಿದ ಅಡಿಕೆ ಮರ ಏರುವ ಕೊನೆಗೌಡರು ಬಳಸಿದ್ದನ್ನು ಯಾರಾದರೂ ಕೇಳಿದ್ದೀರಾ? ತಳೆಯ ಹಗ್ಗ ಮರವನ್ನು ಹಿಡಿಯುವುದಕ್ಕೆ ಅವರಲ್ಲಿ ಬೇರೆಯೇ ಪದವಿದ್ದರೆ ಅದು ನನ್ನ ಪದಕ್ಕಿಂತ ಮೇಲು. ಎರಡನೆಯದು ಇದರ ವಿರುದ್ಧಪದ. ಗಾಲಿ ಮುಂದೆ ಹೋಗದೆ ನಿಂತಲ್ಲೇ ತಿರುಗುವುದಕ್ಕೆ ಕರಡಿನಲ್ಲಿ ‘ಬರಿಸುತ್ತು’ ಎಂದು ಬರೆದಿದ್ದೇನೆ. ಕಾರವಾರ, ಅಂಕೋಲಾ, ಹೊನ್ನಾವರದ ಕಡೆ ಕಡಲತಡಿಯ ಮರಳಿನಲ್ಲಿ ಗಾಡಿ ಹೂತು ಗಾಲಿ ಸುಮ್ಮನೆ ತಿರುಗುವುದನ್ನು ದಿನವೂ ನೋಡುವವರು ಅದಕ್ಕೆ ಏನನ್ನುತ್ತೀರಿ? ಕನ್ನಡದ ಪದವಾದರೂ ಸರಿ, ಕೊಂಕಣಿಯಿಂದ ನಮ್ಮ ಮಾತಿಗೆ ಬಂದು ಸೇರಿದ್ದಾದರೂ ಸರಿ, ಅದನ್ನು ಆಡುವ ಊರಿನ ಹೆಸರಿನ ಜೊತೆಗೆ, ಸಾಧ್ಯವಾದರೆ ಒಂದು ಇಡೀ ವಾಕ್ಯವಾಗಿ ಬರೆದು ತಿಳಿಸಬೇಕೆಂದು ವಿನಂತಿ.