ಸಿಂಹ ಕೆಡವಿದ ಹುಲಿ: ಹಳೆಯ ನಾಣ್ಯಗಳ ಗುಂಪು, ರಾಯಚೂರು, ಭಾನುವಾರದ ಪ್ರಶ್ನೋತ್ತರ

ಲಿಂಗಸುಗೂರಿನ ಸದಸ್ಯೆ: ನಮಸ್ಕಾರ ಸರ್. ಅಜ್ಜಿಯ ಟ್ರಂಕಿನಲ್ಲಿ ರೂಪಾಯಿಗಿಂತ ಬಹಳ ದೊಡ್ಡ ಬೆಳ್ಳಿ ನಾಣ್ಯ ಸಿಕ್ಕಿದೆ. ಒಂದು ಬದಿಯಲ್ಲಿ ಸಿಂಹ ಹುಲಿಯನ್ನು ಕೆಡವಿದೆ, ಇನ್ನೊಂದು ಬದಿಯಲ್ಲಿ ಸೈನಿಕರು ಕೋಟೆಗೆ ನುಗ್ಗುತ್ತಿದ್ದಾರೆ. ಕಪ್ಪಾಗಿದೆ. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ ಎಂಬ ವಿಡಿಯೊ ಬಂದಿದೆ. ತಿಕ್ಕಬಹುದೇ?

ಪರೀಕ್ಷಕರು: ಬೇಡ ತಾಯಿ, ದಯವಿಟ್ಟು ಬೇಡ. ಇದು ನಾಣ್ಯವಲ್ಲ, ಪದಕ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಮಾಡಿಸಿದ್ದು. ಹುಲಿ ಟಿಪ್ಪುವಿನ ಲಾಂಛನ, ಸಿಂಹ ಬ್ರಿಟಿಷರದು. ಸಿಂಹದ ಮೇಲಿನ ಬಾವುಟದಲ್ಲಿ ಅರಬ್ಬಿ ಬರಹ, ಕೆಳಗೆ ರೋಮನ್ ಅಂಕಿಯ ದಿನಾಂಕ ಇದೆಯೇ ನೋಡಿ. ಸೇನಾಪತಿಗಳಿಗೆ ಚಿನ್ನ, ಕಿರಿಯ ಅಧಿಕಾರಿಗಳಿಗೆ ಬೆಳ್ಳಿ, ಸಿಪಾಯಿಗಳಿಗೆ ತವರ. ಇಂಗ್ಲೆಂಡಿನಲ್ಲಿ ಅಚ್ಚಾದದ್ದು 48 ಮಿ.ಮೀ., ಕಲ್ಕತ್ತದ್ದು 45. ನನ್ನ ಚಿಂತೆ ಇಷ್ಟೇ: ನಿಮ್ಮದು ತವರದ್ದಾಗಿದ್ದರೆ ಹುಳಿ, ಉಪ್ಪು ಸೇರಿ ಅದರ ಮೈಯನ್ನೇ ತಿಂದುಬಿಡುತ್ತವೆ. ಬೆಳ್ಳಿಯಾಗಿದ್ದರೂ ಆ ಕಪ್ಪು ಬರೀ ಕೊಳೆಯಲ್ಲ, ಗಾಳಿಯಲ್ಲಿನ ಗಂಧಕ ತಾಗಿ ಬೆಳ್ಳಿಯ ಮೇಲೆಯೇ ಕಟ್ಟಿದ ಪದರ. ತಿಕ್ಕಿದರೆ ಅದರೊಂದಿಗೆ ಹುಲಿಯ ಪಟ್ಟೆಗಳೂ ಹೋಗುತ್ತವೆ. ಅಂಚಿನ ಸುತ್ತ ಎರಕದ ಗೆರೆ, ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳಿದ್ದರೆ ನಕಲು. ಅಸಲಿ ಪದಕ ಅಚ್ಚೊತ್ತಿದ್ದು, ಎರಕ ಹೊಯ್ದದ್ದಲ್ಲ. ಅಳತೆ, ತೂಕ, ಅಂಚಿನ ಫೋಟೊ ಕಳುಹಿಸಿ.

ಮಾನ್ವಿಯ ಸದಸ್ಯ: ಹೊಸ ಸಂಸತ್ ಭವನದ 75 ರೂಪಾಯಿ ನಾಣ್ಯ ಪೂರ್ತಿ ಬೆಳ್ಳಿಯೇ?

ಪರೀಕ್ಷಕರು: ಅಲ್ಲ. 35 ಗ್ರಾಂ ತೂಕ, ಅರ್ಧ ಮಾತ್ರ ಬೆಳ್ಳಿ.

ದೇವದುರ್ಗದ ಸದಸ್ಯ: ರಾಯಚೂರು ಯುದ್ಧ ಗೆದ್ದಾಗ ಕೃಷ್ಣದೇವರಾಯ ಹೊರಡಿಸಿದ ಬೆಳ್ಳಿ ನಾಣ್ಯವಂತೆ. ಗ್ರೂಪಿನಲ್ಲಿ ಬಂತು. ಬೆಲೆ ಎಷ್ಟು?

ಪರೀಕ್ಷಕರು: ಚಿತ್ರದಲ್ಲಿ 1520 ಎಂದು ಇಸವಿ ಕೊರೆದಿದೆ. ರಾಯರ ಕಾಲದಲ್ಲಿ ಬರೆಯುತ್ತಿದ್ದದ್ದು ಶಕವರ್ಷ, ಆಗ 1442. ಇದು ಈಚಿನ ಬಿಲ್ಲೆ. ಉದಯಗಿರಿ ಕೋಟೆಯ ಗೆಲುವಿನೊಂದಿಗೆ ವಿದ್ವಾಂಸರು ನಂಟು ಕಟ್ಟುವುದು ರಾಯರ ಬಾಲಕೃಷ್ಣ ವರಾಹಕ್ಕೆ, ಅಂದರೆ ಬಾಲಕೃಷ್ಣನ ಚಿತ್ರವಿರುವ ನಾಣ್ಯಕ್ಕೆ. ಅದು ಚಿನ್ನ.

ಸಿರವಾರದ ಸದಸ್ಯ: ಕೃಷ್ಣದೇವರಾಯರ ಬೆಳ್ಳಿ ನಾಣ್ಯ ನನ್ನ ಹತ್ತಿರವೂ ಇದೆ, ಬೆಲೆ?

ಪರೀಕ್ಷಕರು: ಮೇಲೆ ಓದಿ.

ಸಿಂಧನೂರಿನ ಸದಸ್ಯ: ಲಿಂಗಸುಗೂರಿನ ಅಕ್ಕನವರೇ, ನಮ್ಮ ನೆಲದ ದೊರೆ ಸತ್ತದ್ದಕ್ಕೆ ಹೊಡೆಸಿದ ಪದಕವನ್ನು ಮನೆಯಲ್ಲಿ ಇಡಬೇಡಿ. ಕರಗಿಸಿ ಕಾಲ್ಗೆಜ್ಜೆ ಮಾಡಿಸಿ.

ಮಸ್ಕಿಯ ಸದಸ್ಯ: ಕರಗಿಸಿದರೆ ಸೋಲು ಅಳಿಸಿಹೋಗುತ್ತದೆಯೇ? ನಮ್ಮೂರಲ್ಲಿ ಅಶೋಕನ ಶಾಸನ ಇದೆ. ಅವನೂ ಯುದ್ಧ ಮಾಡಿದವನೇ. ಬಂಡೆ ಒಡೆಯೋಣವೇ?

ಸಿಂಧನೂರಿನ ಸದಸ್ಯ: ಶಾಸನವೇ ಬೇರೆ, ಇದೇ ಬೇರೆ. ನಿಮಗೆ ಮರ್ಯಾದೆಯಿಂದ ಮಾತನಾಡಲು ಬರುವುದಿಲ್ಲವೇ?

ಮಸ್ಕಿಯ ಸದಸ್ಯ: ಕರಗಿಸಿ ಎಂದವರು ನೀವು. ಮೊದಲು ನೀವು ಕಲಿಯಿರಿ.

ಸಿಂಧನೂರಿನ ಸದಸ್ಯ: ನಿಮ್ಮಂಥವರಿಂದ ಕಲಿಯುವುದು ಏನೂ ಇಲ್ಲ.

ಪರೀಕ್ಷಕರು: ಇಬ್ಬರೂ ನಿಲ್ಲಿಸಿ. ಯಾರೂ ಏನನ್ನೂ ಕರಗಿಸಬೇಡಿ.

ಕವಿತಾಳದ ಸದಸ್ಯ: ಹೊಲ ಉಳುವಾಗ ಬೆಳ್ಳಿ ನಾಣ್ಯದ ಗಡಿಗೆ ಸಿಕ್ಕರೆ ಏನು ಮಾಡಬೇಕು?

ಲಿಂಗಸುಗೂರಿನ ಸದಸ್ಯೆ: ಸರ್, ಅಳೆದೆ, 48 ಮಿ.ಮೀ. ಬಾವುಟದಲ್ಲಿ ಬರಹವೂ ಇದೆ. ಆದರೆ ತಮ್ಮ ಬೆಳಿಗ್ಗೆಯೇ ಹುಣಸೆ ಹಚ್ಚಿ ಕೋಟೆಯ ಬದಿಯನ್ನು ಅರ್ಧ ತಿಕ್ಕಿಬಿಟ್ಟಿದ್ದಾನೆ. ಈಗ ಗಮನಿಸಿದೆ.

ಪರೀಕ್ಷಕರು: ಈ ವಿಡಿಯೊ ಮಾಡುವವರಿಗೆ ಏನೆನ್ನಬೇಕು! ತಕ್ಷಣ ಶುದ್ಧ ನೀರಿನಲ್ಲಿ ತೊಳೆಯಿರಿ, ಒರೆಸದೆ ಹತ್ತಿಬಟ್ಟೆಯಲ್ಲಿ ಒತ್ತಿ ತೇವ ತೆಗೆಯಿರಿ. ಪ್ಲಾಸ್ಟಿಕ್ ಬೇಡ, ಕಾಗದದ ಲಕೋಟೆಯಲ್ಲಿಡಿ. ಹುಲಿಯ ಬದಿಯನ್ನು ತಮ್ಮನ ಕೈಗೆ ಕೊಡಬೇಡಿ.

ಮಾನ್ವಿಯ ಸದಸ್ಯ: ಸರ್, ಹಾಗಾದರೆ 75 ರೂಪಾಯಿಯದನ್ನು ಹುಣಸೆಯಲ್ಲಿ ತೊಳೆಯಬಹುದೇ?