ಪ್ರಶ್ನೋತ್ತರ: "ನಮ್ದು ಚಿಕ್ಕ ಫ್ಯಾಕ್ಟರಿ, ಫೆಡರಲ್ ಲೇಬರ್ ಬೋರ್ಡ್ ಇಲ್ಲಿಗೆ ಬರಲ್ಲ" ಅಂತಾರೆ, ನಿಜವೇ?

ಪ್ರಶ್ನೆ (ಹೆಸರು ಬೇಡ ಎಂದಿದ್ದಾರೆ, ನ್ಯೂಜೆರ್ಸಿ):
ನಮಸ್ಕಾರ ಮೇಡಂ. ಸಾಂಬಾರ್ ಪುಡಿ, ಚಟ್ನಿ ಪುಡಿ, ರವೆ ಇಡ್ಲಿ ಮಿಕ್ಸ್ ಮಾಡುವ ಚಿಕ್ಕ ಫ್ಯಾಕ್ಟರಿಯಲ್ಲಿ ನನಗೆ ಕೆಲಸ. ಹುರಿಯುವವರು, ಮಿಷನ್‌ಗೆ ಹಾಕುವವರು, ಪ್ಯಾಕಿಂಗ್‌ನವರು ಎಲ್ಲ ಸೇರಿ ಒಂಬತ್ತು ಜನ. ಹಬ್ಬದ ಸಮಯದಲ್ಲಿ ವಾರಕ್ಕೆ 55 ಗಂಟೆ ಆಗುತ್ತದೆ, ಓವರ್‌ಟೈಮ್ ಇಲ್ಲ. ಹೋದ ತಿಂಗಳು ನಾನೂ ಜೊತೆಯವರೊಬ್ಬರೂ ಒಟ್ಟಿಗೆ ಹೋಗಿ ಮಾಲೀಕರನ್ನು ಕೇಳಿದೆವು. ಮುಂದಿನ ವಾರವೇ ಅವರನ್ನು ಕೆಲಸದಿಂದ ತೆಗೆದರು. ಬೋರ್ಡ್‌ಗೆ ದೂರು ಕೊಡುತ್ತೇವೆ ಅಂದರೆ, "ನಮ್ದು ಚಿಕ್ಕದು, ಮಾಲೆಲ್ಲ ನ್ಯೂಜೆರ್ಸಿ ಒಳಗೇ ಮಾರೋದು, ಯೂನಿಯನ್ನೂ ಇಲ್ಲ, ಫೆಡರಲ್ ಬೋರ್ಡ್‌ಗೂ ನಮಗೂ ಏನು ಸಂಬಂಧ?" ಅಂತಾರೆ. ಹೌದಾ?

ಉತ್ತರ (ಕಾರ್ಮಿಕ ಕಾನೂನು ವಕೀಲರು):
ನಮಸ್ಕಾರ. ಮೊದಲು ಒಂದು ಗೊಂದಲ ಬಿಡಿಸೋಣ. ಓವರ್‌ಟೈಮ್ ದುಡ್ಡು ಫೆಡರಲ್ ಲೇಬರ್ ಬೋರ್ಡ್‌ನ (ನ್ಯಾಷನಲ್ ಲೇಬರ್ ರಿಲೇಷನ್ಸ್ ಬೋರ್ಡ್, NLRB) ಕೆಲಸವಲ್ಲ. ಅದಕ್ಕೆ ಕಾರ್ಮಿಕ ಇಲಾಖೆ ಬೇರೆ ಇದೆ. ನ್ಯೂಜೆರ್ಸಿ ರಾಜ್ಯದ ಇಲಾಖೆಗೇ ದೂರು ಕೊಡಬಹುದು. ಆದರೆ ಇಬ್ಬರು ಸೇರಿ ಕೇಳಿದ್ದಕ್ಕೆ ಒಬ್ಬರನ್ನು ತೆಗೆದರಲ್ಲ, ಅದು ಬೋರ್ಡ್ ನೋಡುವ ವಿಷಯ. 1935ರ ಕಾರ್ಮಿಕ ಸಂಬಂಧ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ, ಸಂಬಳ, ಕೆಲಸದ ಗಂಟೆ ಇಂಥ ವಿಷಯ ಕೆಲಸಗಾರರು ಒಟ್ಟಾಗಿ ಕೇಳಬಹುದು. ಅದಕ್ಕೆ ಯೂನಿಯನ್ ಇರಲೇಬೇಕು ಅಂತ ಇಲ್ಲ.

ಇನ್ನು "ಚಿಕ್ಕದು" ಅನ್ನುವ ಮಾತು. ನಮ್ಮೂರಿನ ಅಭ್ಯಾಸದಲ್ಲಿ ನಾವು ತಲೆ ಎಣಿಸುತ್ತೇವೆ. ಭಾರತದ 1948ರ ಕಾರ್ಖಾನೆ ಕಾಯ್ದೆಯಲ್ಲಿ ಮೋಟರ್ ಓಡುವ ಜಾಗವಾದರೆ 10 ಜನ, ಇಲ್ಲದಿದ್ದರೆ 20 ಜನ ಅಂತ ಲೆಕ್ಕ ಇತ್ತು. ಪೀಣ್ಯದಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತಿರುತ್ತದೆ. ಅಮೆರಿಕದ ಈ ಕಾಯ್ದೆಯಲ್ಲಿ ತಲೆ ಲೆಕ್ಕವೇ ಇಲ್ಲ. ಇಲ್ಲಿ ಎಣಿಸುವುದು ರಾಜ್ಯದ ಗಡಿ ದಾಟುವ ಡಾಲರ್. ತಯಾರಿಕೆ ಮಾಡುವವರಿಗೆ ಅದು ವರ್ಷಕ್ಕೆ 50,000.

ನಿಮ್ಮ ಮಾಲೀಕರು ಮಾರುವುದನ್ನು ಮಾತ್ರ ನೋಡುತ್ತಿದ್ದಾರೆ. ಕೊಳ್ಳುವುದನ್ನೂ ನೋಡಬೇಕು. ಎರಡರಲ್ಲಿ ಯಾವುದೋ ಒಂದು 50,000 ಮುಟ್ಟಿದರೆ ಸಾಕು. ಬ್ಯಾಡಗಿ ಮೆಣಸಿನಕಾಯಿ ಎಲ್ಲಿಂದ ಬರುತ್ತದೆ? ಕೊತ್ತಂಬರಿ ಬೀಜ, ಕಡಲೆಬೇಳೆ, ಇಂಗು? ಬೇರೆ ದೇಶದಿಂದ ಬಂದದ್ದೂ ಲೆಕ್ಕಕ್ಕೆ ಬರುತ್ತದೆ. "ನಾನು ಇಲ್ಲಿನ ಹೋಲ್‌ಸೇಲ್ ಅಂಗಡಿಯಲ್ಲೇ ಕೊಂಡೆ" ಅಂದರೂ ತಪ್ಪಿಸಿಕೊಳ್ಳಲು ಆಗದು. ಆ ಅಂಗಡಿಯವರು ಹೊರಗಿನಿಂದ ತರಿಸಿದ ಮಾಲಾದರೆ, ಅದು ಪರೋಕ್ಷ ಖರೀದಿ ಅಂತ ಸೇರುತ್ತದೆ. ತಿಂಗಳಿಗೆ ಸುಮಾರು 4,200 ಡಾಲರ್ ಆದರೆ ವರ್ಷಕ್ಕೆ ಗುರಿ ಮುಟ್ಟಿತು. ಒಂಬತ್ತು ಜನ ಹುರಿದು ಪುಡಿ ಮಾಡುವ ಜಾಗದಲ್ಲಿ ಮೆಣಸಿನಕಾಯಿ, ಬೇಳೆ ಮೂಟೆಗಳಲ್ಲೇ ಅಷ್ಟು ಆಗಿಬಿಡಬಹುದು, ಅಲ್ವಾ? ಒಂದು ಎಚ್ಚರ: ಖರೀದಿ 30,000, ಮಾರಾಟ 20,000 ಅಂತ ಎರಡನ್ನೂ ಕೂಡಿಸಿ 50,000 ಮಾಡುವಂತಿಲ್ಲ.

ಪ್ರಶ್ನೆ (ಮಷಿನ್ ಶಾಪ್ ಮಾಲೀಕರು, ಒಹಾಯೊ):
ಮೇಡಂ, ನಾನು ಆ ಕಡೆಯವನು, ನಾಲ್ಕು ಜನ ಕೆಲಸಕ್ಕಿದ್ದಾರೆ. ಪೂರ್ತಿ ಜಾಬ್ ವರ್ಕ್. ನಮ್ಮೂರಿನದೇ ಒಂದು ದೊಡ್ಡ ಕಂಪನಿ ಕಬ್ಬಿಣ ಕೊಡುತ್ತದೆ, ನಾವು ಬ್ರ್ಯಾಕೆಟ್ ಮಾಡಿ ಅವರಿಗೇ ವಾಪಸ್ ಕೊಡುತ್ತೇವೆ. ಮಾಲೂ ನನ್ನದಲ್ಲ, ಗಡಿಯೂ ದಾಟಿಲ್ಲ. ನನಗೂ ಬರುತ್ತದಾ?

ಉತ್ತರ:
ಸರ್, ಒಳ್ಳೆಯ ಪ್ರಶ್ನೆ. ನಿಮ್ಮದೇ ವಾದವನ್ನು ನ್ಯೂಜೆರ್ಸಿಯ ಸಾಮರ್‌ವಿಲ್ ಊರಿನ ಒಂದು ಹೊಲಿಗೆ ಫ್ಯಾಕ್ಟರಿಯವರು ಸುಪ್ರೀಂ ಕೋರ್ಟ್‌ವರೆಗೂ ಒಯ್ದಿದ್ದರು. ಫೈನ್‌ಬ್ಲಾಟ್ ಕೇಸ್, 1939. ಬಟ್ಟೆ ನ್ಯೂಯಾರ್ಕ್ ಕಂಪನಿಯದು. ಇವರದು ಹೊಲಿಗೆ ಮಾತ್ರ. ಹೊಲಿದ ಉಡುಪನ್ನು ಆ ಕಂಪನಿಯ ಪ್ರತಿನಿಧಿ ಸಾಮರ್‌ವಿಲ್‌ನಲ್ಲೇ ತೆಗೆದುಕೊಂಡು ಹೊರಗೆ ಕಳಿಸುತ್ತಿದ್ದರು. "ಬಟ್ಟೆ ನಮ್ಮದಲ್ಲ, ಸಾಗಿಸಿದವರೂ ನಾವಲ್ಲ" ಅಂದರು. ಕೋರ್ಟ್ ಒಪ್ಪಲಿಲ್ಲ. ಮಾಲು ಯಾರದ್ದು ಅನ್ನುವುದು ಮುಖ್ಯವಲ್ಲ, ಇಲ್ಲಿ ಕೆಲಸ ನಿಂತರೆ ರಾಜ್ಯಗಳ ನಡುವಿನ ಸಾಗಾಟ ನಿಲ್ಲುತ್ತದೆ, ವ್ಯವಹಾರ ಚಿಕ್ಕದಿದ್ದರೂ ಕಾಯ್ದೆ ಅನ್ವಯಿಸುತ್ತದೆ ಅಂತ ಹೇಳಿತು.

ನಿಮ್ಮ ವಿಷಯಕ್ಕೆ ಬಂದರೆ, ಆ ದೊಡ್ಡ ಕಂಪನಿ ನೇರವಾಗಿ ಹೊರರಾಜ್ಯಕ್ಕೆ ವರ್ಷಕ್ಕೆ 50,000 ಡಾಲರ್ ಮಾಲು ಕಳಿಸುತ್ತಿದ್ದರೆ, ನೀವು ಅವರಿಗೆ ಮಾಡಿಕೊಟ್ಟ ಕೆಲಸದ ಬಿಲ್ಲು ಪರೋಕ್ಷ ಮಾರಾಟ ಆಗುತ್ತದೆ. ಆ ಬಿಲ್ಲುಗಳು ವರ್ಷಕ್ಕೆ 50,000 ಆದರೆ ನೀವೂ ಒಳಗೆ. ಈ ಕಾಯ್ದೆಯ ರಕ್ಷಣೆ ಸಿಗುವ ಕೆಲಸದವರಲ್ಲಿ ನಿಮ್ಮ ಹೆಂಡತಿ, ಮಕ್ಕಳು ಸೇರುವುದಿಲ್ಲ. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ ಸರ್. ಕೆಲಸದವರು ಸಂಬಳದ ಬಗ್ಗೆ ತಮ್ಮತಮ್ಮಲ್ಲಿ ಮಾತಾಡಬಾರದು ಅಂತ ಗೋಡೆ ಮೇಲೆ ಫಲಕ ಹಾಕಿದ್ದರೆ ಇವತ್ತೇ ತೆಗೆದುಬಿಡಿ. ಆ ನಿಯಮ ನಿಲ್ಲುವುದಿಲ್ಲ.

ಪ್ರಶ್ನೆ (ಇನ್ನೊಬ್ಬರು):
50,000 ಮುಟ್ಟದೇ ಇದ್ದರೆ? ಅಂಥವರನ್ನು ಕೇಳುವವರೇ ಇಲ್ಲವಾ?

ಉತ್ತರ:
ಒಂದು ಕಾಲದಲ್ಲಿ ನಿಜವಾಗಿ ಕೇಳುವವರೇ ಇರಲಿಲ್ಲ. ನನಗೆ ಈಗಲೂ ಬೇಸರ ತರುವ ಕಥೆ ಅದು. ಯೂಟಾ ರಾಜ್ಯದಲ್ಲಿ ಗಸ್ ಎಂಬವರು ವಾಯುಪಡೆಗೆ ಫೋಟೊ ಉಪಕರಣ ತಯಾರಿಸುತ್ತಿದ್ದರು. ಹೊರರಾಜ್ಯದ ಖರೀದಿ 50,000 ಡಾಲರ್‌ಗಿಂತ ಸ್ವಲ್ಪ ಕಮ್ಮಿ. 1953ರಲ್ಲಿ ಫೆಡರಲ್ ಬೋರ್ಡ್ ಅಲ್ಲಿನ ಯೂನಿಯನ್ನನ್ನು ಮಾನ್ಯ ಮಾಡಿತು. ಆಮೇಲೆ ಯೂನಿಯನ್ ದೂರು ಕೊಟ್ಟಿತು. ಅಷ್ಟರಲ್ಲಿ, 1954ರಲ್ಲಿ, ಬೋರ್ಡ್ ತನ್ನ ಮಿತಿ ಬದಲಿಸಿ, ಇದು ಸ್ಥಳೀಯ ವ್ಯವಹಾರ ಅಂತ ಕೈಬಿಟ್ಟಿತು. ರಾಜ್ಯದ ಬೋರ್ಡ್ ಕೇಸು ಎತ್ತಿಕೊಂಡು ಕೆಲಸಗಾರರ ಪರ ತೀರ್ಪು ಕೊಟ್ಟಿತು. 1957ರಲ್ಲಿ ಸುಪ್ರೀಂ ಕೋರ್ಟ್ ಏನಂತು ಗೊತ್ತಾ? ವಿಷಯ ಕಾಯ್ದೆ ಪ್ರಕಾರ ಫೆಡರಲ್ ಬೋರ್ಡ್‌ನದು, ಅದು ಮುಟ್ಟದಿದ್ದರೂ ರಾಜ್ಯ ಕೈಹಾಕುವಂತಿಲ್ಲ ಅಂತ. ಹಕ್ಕು ಪುಸ್ತಕದಲ್ಲಿದೆ, ಬಾಗಿಲು ಎರಡೂ ಕಡೆ ಮುಚ್ಚಿದೆ.

ಇದನ್ನು ಸರಿ ಮಾಡಿದ್ದು 1959ರ ತಿದ್ದುಪಡಿ. ಫೆಡರಲ್ ಬೋರ್ಡ್ ಬೇಡ ಅಂದ ಕೇಸನ್ನು ರಾಜ್ಯ ನೋಡಬಹುದು. ಜೊತೆಗೆ, 1959ರ ಆಗಸ್ಟ್ 1ರಂದು ಇದ್ದ ಮಿತಿಯ ಒಳಗೆ ಬರುವವರನ್ನು ಬೋರ್ಡ್ ಇನ್ನು ಮುಂದೆ ಕೈಬಿಡುವಂತಿಲ್ಲ. ಹಾಗಾಗಿಯೇ ಬೋರ್ಡ್ 1958ರಲ್ಲಿ ಇಟ್ಟ 50,000 ಡಾಲರ್ ಮಿತಿ ಇವತ್ತೂ 50,000. ಡಾಲರ್ ಬೆಲೆ ಇಳಿದಂತೆಲ್ಲ, ಹೊರಗೆ ಉಳಿಯುವ ಫ್ಯಾಕ್ಟರಿಗಳು ಕಮ್ಮಿ ಆಗುತ್ತಾ ಬಂದಿವೆ. ನ್ಯೂಜೆರ್ಸಿಯವರಿಗೆ ಇನ್ನೊಂದು ಆಸರೆ: 1947ರ ರಾಜ್ಯ ಸಂವಿಧಾನದಲ್ಲೇ ಖಾಸಗಿ ಕೆಲಸಗಾರರಿಗೆ ಸಂಘಟನೆಯ ಹಕ್ಕು ಇದೆ.

ಪ್ರಶ್ನೆ (ಮೊದಲು ಕೇಳಿದವರು):
ತುಂಬಾ ಥ್ಯಾಂಕ್ಸ್ ಮೇಡಂ. ಎರಡು ಭಯ ಇದೆ. ಖರೀದಿ ಬಿಲ್ಲು ನಮಗೆ ತೋರಿಸುವುದಿಲ್ಲ, ಹೇಗೆ ಸಾಬೀತು ಮಾಡುವುದು? ಇನ್ನೊಂದು, ಕೆಲಸ ಕಳೆದುಕೊಂಡವರ ಪೇಪರ್ಸ್ ಸರಿ ಇಲ್ಲ. ಅವರು ಹೆದರಿದ್ದಾರೆ.

ಉತ್ತರ:
ಬಿಲ್ಲು ನೀವು ತರಬೇಕಾಗಿಲ್ಲ. ಬೋರ್ಡ್‌ನವರೇ ಮಾಲೀಕರಿಗೆ ಪ್ರಶ್ನೆಪಟ್ಟಿ ಕಳಿಸುತ್ತಾರೆ. ಲೆಕ್ಕ ಕೊಡಲು ಅವರು ಒಪ್ಪದಿದ್ದರೆ, 50,000 ಪಕ್ಕಾ ಆಗದಿದ್ದರೂ ಬೋರ್ಡ್ ಕೇಸು ನಡೆಸಬಹುದು. 1958ರಿಂದಲೂ ಹೀಗೇ ಇದೆ. ನೀವು ಕಣ್ಣಾರೆ ಕಂಡದ್ದು ಬರೆದಿಡಿ: ಮೂಟೆ ಮೇಲೆ ಯಾವ ದೇಶದ ಹೆಸರು, ಪೌಚ್ ಬಂದ ಡಬ್ಬದ ಮೇಲೆ ಯಾವ ಊರು, ವಾರಕ್ಕೆ ಎಷ್ಟು ಮೂಟೆ ಇಳಿಯುತ್ತದೆ.

ಎರಡನೆಯದನ್ನು ಅವರಿಗೆ ನಿಧಾನವಾಗಿ ಹೇಳಿ. ಶಿಕಾಗೋದಲ್ಲಿ ಚರ್ಮ ಹದ ಮಾಡುವ ಎರಡು ಪುಟ್ಟ ಘಟಕಗಳಿದ್ದವು, ಕೆಲಸಕ್ಕೆ 11 ಜನ, ಹೆಚ್ಚಿನವರು ಪೇಪರ್ಸ್ ಇಲ್ಲದ ಮೆಕ್ಸಿಕೋದವರು. ಯೂನಿಯನ್ ಗೆದ್ದ ಮೇಲೆ ಮಾಲೀಕರು ವಲಸೆ ಇಲಾಖೆಗೆ ಪತ್ರ ಬರೆದರು. ಐದು ಜನ ದೇಶ ಬಿಡಬೇಕಾಯಿತು. 1984ರಲ್ಲಿ ಸುಪ್ರೀಂ ಕೋರ್ಟ್ ಅವರೂ ಕಾಯ್ದೆಯಡಿ ಕೆಲಸಗಾರರೇ, ಸೇಡಿಗಾಗಿ ಹಿಡಿದುಕೊಟ್ಟದ್ದು ತಪ್ಪು ಅಂತ ಹೇಳಿತು. ಆದರೆ ಸುಳ್ಳು ಭರವಸೆ ಕೊಡಲಾರೆ. ಪೇಪರ್ಸ್ ಇಲ್ಲದವರಿಗೆ ಕಳೆದುಹೋದ ದಿನಗಳ ಸಂಬಳ ಕೊಡಿಸಲು ಬರುವುದಿಲ್ಲ ಅಂತ 2002ರಲ್ಲಿ ಅದೇ ಕೋರ್ಟ್ ಹೇಳಿದೆ. ಮಾಡಿದ ಕೆಲಸದ ಓವರ್‌ಟೈಮ್ ಬೇರೆ, ಅದನ್ನು ಕೇಳಬಹುದು. ಏನೇ ಸಲ್ಲಿಸುವ ಮೊದಲು ಅವರು ಒಬ್ಬ ವಲಸೆ ವಕೀಲರನ್ನು ಕಾಣಲಿ.

ದೂರನ್ನು ಯಾರು ಬೇಕಾದರೂ ಕೊಡಬಹುದು, ಅವರ ಪರವಾಗಿ ನೀವೂ ಕೊಡಬಹುದು. ಫೀಸ್ ಇಲ್ಲ. ನೆವಾರ್ಕ್‌ನಲ್ಲಿ ಬೋರ್ಡ್‌ನ ಆಫೀಸಿದೆ. ಗಡುವು ಮಾತ್ರ ಬಿಗಿ: ಕೆಲಸದಿಂದ ತೆಗೆದ ದಿನದಿಂದ ಆರು ತಿಂಗಳು. ಒಂದು ತಿಂಗಳು ಆಗಲೇ ಹೋಗಿದೆ. ನೀವಿಬ್ಬರೂ ಮಾಲೀಕರ ಮುಂದೆ ನಿಂತು ಕೇಳಿದ ತಾರೀಖು, ಅವರು ಆಗ ಆಡಿದ ಮಾತು, ಇವೆರಡನ್ನೂ ನೆನಪಿರುವಾಗಲೇ ಇವತ್ತು ರಾತ್ರಿ ಬರೆದಿಡಿ. ಆಗ ಕಳಿಸಿಕೊಂಡ ವಾಟ್ಸಾಪ್ ಮೆಸೇಜ್‌ಗಳನ್ನು ಅಳಿಸಬೇಡಿ.