ಸಹಾಯ ಬೇಕು: ಎರಡು ಅನುದಾನ, ಒಂದೇ ಕಚೇರಿ. ಖರ್ಚು ಹಂಚುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಸಂಸ್ಥೆ ವೃದ್ಧರ ಮನೆ ಆರೈಕೆಗೆ ಒಂದು, ಮಕ್ಕಳ ಆಪ್ತಸಮಾಲೋಚನೆಗೆ ಇನ್ನೊಂದು ಸರ್ಕಾರಿ ಅನುದಾನಕ್ಕೆ ಅರ್ಜಿ ಹಾಕುತ್ತಿದೆ. ಬಾಡಿಗೆ, ಲೆಕ್ಕಿಗರ ಸಂಬಳ ಎರಡಕ್ಕೂ ಸೇರಿದ್ದು. ಸುಮ್ಮನೆ ಅರ್ಧರ್ಧ ಎಂದು ಬರೆದರೆ ಆಡಿಟ್‌ನಲ್ಲಿ ನಿಲ್ಲುವುದಿಲ್ಲ, ಆಧಾರ ಕೇಳುತ್ತಾರೆ. ಒಂದೇ ಬಿಲ್ಲನ್ನು ಎರಡೂ ಕಡೆ ಪೂರ್ತಿ ತೋರಿಸುವುದಂತೂ ತಪ್ಪೇ. ಹಾಗಾಗಿ ಸಂಬಳಕ್ಕೆ ಟೈಮ್‌ಶೀಟ್ ಹಿಡಿದಿದ್ದೇವೆ: ವಾರದ 40 ಗಂಟೆಯಲ್ಲಿ 24 ಆರೈಕೆ ಕೆಲಸಕ್ಕೆ ಹೋದರೆ ಆ ಅನುದಾನಕ್ಕೆ ಶೇ. 60. ಕೋಣೆಗಳ ಬಾಡಿಗೆಗೆ ಚದರಡಿ ಲೆಕ್ಕ.

ತೊಡಕಿರುವುದು ಎರಡೂ ಯೋಜನೆಯವರು ಬಳಸುವ ಮುಂದಿನ ಹಾಲ್‌ನಲ್ಲಿ. ಫಲಾನುಭವಿಗಳ ಸಂಖ್ಯೆಯಂತೆ ಹಂಚೋಣವೆಂದರೆ, ಮನೆಯಲ್ಲೇ ಆರೈಕೆ ಪಡೆಯುವ ಹಿರಿಯರು ಕಚೇರಿಗೆ ಬರುವುದೇ ಇಲ್ಲ. ಮಕ್ಕಳ ಪಾಲು ಆಗ ತೀರಾ ಕಡಿಮೆ ಕಾಣುತ್ತದೆ. ದಿನದ ಭೇಟಿ ರಿಜಿಸ್ಟರ್ ಆಧಾರವಾಗಿ ಸಾಕೇ, ಅಥವಾ ಸಿಬ್ಬಂದಿ ಗಂಟೆಗಳ ಅನುಪಾತ ಹಿಡಿಯಬೇಕೇ? ಇಂಥ ಹಂಚಿಕೆ ಟಿಪ್ಪಣಿ ಬರೆದು ಆಡಿಟ್ ದಾಟಿದವರು ದಯವಿಟ್ಟು ಅದರ ನಮೂನೆ ಹಾಕಿ.